ಕಣ್ಣಿನ ಕ್ಲಿನಿಕ್‌ಗೆ ಸಾಫ್ಟ್‌ವೇರ್ ಹಾಕಿಸುವುದು: ಪರೀಕ್ಷೆ ಕುರ್ಚಿಯಿಂದ ಲೆನ್ಸ್ ಲ್ಯಾಬ್‌ವರೆಗೆ, ಹಂತ ಹಂತವಾಗಿ

ಹೊಸ ಸಾಫ್ಟ್‌ವೇರ್ ಬಂದು ಆರು ತಿಂಗಳಾಗಿರುತ್ತದೆ. ಆದರೂ ಸ್ಲಿಟ್ ಲ್ಯಾಂಪ್ (ಕಣ್ಣನ್ನು ದೊಡ್ಡದಾಗಿ ನೋಡುವ ಉಪಕರಣ) ಪಕ್ಕದಲ್ಲಿ ಒಂದು ನೋಟ್‌ಬುಕ್ ಇದ್ದೇ ಇರುತ್ತದೆ. ಪವರ್ ಮೊದಲು ಅದರಲ್ಲಿ ಬರೆಯುತ್ತಾರೆ, ಸಂಜೆ ಬಿಡುವಾದಾಗ ಕಂಪ್ಯೂಟರ್‌ಗೆ ಹಾಕುತ್ತಾರೆ. ಕನ್ನಡಕದ ಆರ್ಡರ್ ಮೊಬೈಲ್‌ನಲ್ಲಿ ಫೋಟೊ ತೆಗೆದು ಲ್ಯಾಬ್‌ಗೆ ಕಳಿಸುತ್ತಾರೆ. ಮತ್ತೆ ಬರಬೇಕಾದವರ ಪಟ್ಟಿ ಇನ್ನೂ ಎಕ್ಸೆಲ್‌ನಲ್ಲೇ ಇರುತ್ತದೆ. ದುಡ್ಡು ಖರ್ಚಾಯಿತು, ಕೆಲಸ ಎರಡು ಪಟ್ಟಾಯಿತು.

ಇಂಥ ಕ್ಲಿನಿಕ್‌ಗಳು ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಸಾಫ್ಟ್‌ವೇರ್ ಮೊದಲು ಕೊಳ್ಳುತ್ತಾರೆ, ತಮ್ಮ ಕೆಲಸ ಹೇಗೆ ಸಾಗುತ್ತದೆ ಅನ್ನೋದನ್ನು ಆಮೇಲೆ ಯೋಚಿಸುತ್ತಾರೆ. ಈ ಬರಹದಲ್ಲಿ ಆ ಕ್ರಮವನ್ನು ತಿರುಗಿಸಿದ್ದೇನೆ. ಹಂತಗಳನ್ನು ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ.

ಉದ್ದಕ್ಕೂ ಒಂದು ಪ್ರಶ್ನೆ ತಲೆಯಲ್ಲಿರಲಿ: ಕುರ್ಚಿಯಲ್ಲಿ ಕಂಡುಹಿಡಿದ ಪವರ್ ಲೆನ್ಸ್ ಲ್ಯಾಬ್ ತಲುಪುವ ಹೊತ್ತಿಗೆ ಎಷ್ಟು ಸಲ ಕೈಯಲ್ಲಿ ಬರೆಯಲಾಗಿರುತ್ತದೆ? ಉತ್ತರ ಒಂದು ಸಲ ಅಂತ ಆಗಬೇಕು. ಯಾಕೆ ಅಂತ ಒಂದು ಉದಾಹರಣೆಯಲ್ಲಿ ನೋಡಿ. ಸರಿಯಾದ ಪವರ್ -2.00 / -1.00 × 180. ಮೊದಲ ಸಂಖ್ಯೆ ಸ್ಫಿಯರ್ (ಎಲ್ಲ ದಿಕ್ಕಿಗೂ ಒಂದೇ ಪವರ್), ಎರಡನೆಯದು ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಸೇರುವ ಪವರ್), ಮೂರನೆಯದು ಆಕ್ಸಿಸ್ (ಸಿಲಿಂಡರ್ ಕೂರುವ ಕೋನ). ಮತ್ತೆ ಬರೆಯುವಾಗ ಸಿಲಿಂಡರ್‌ನ ಮೈನಸ್ ಬಿಟ್ಟುಹೋಗಿ -2.00 / +1.00 × 180 ಆಯಿತು ಅಂದುಕೊಳ್ಳಿ. ಅಡ್ಡ ದಿಕ್ಕಿನಲ್ಲಿ ಪವರ್ -2.00 ಆಗಿಯೇ ಉಳಿಯುತ್ತದೆ. ಲಂಬ ದಿಕ್ಕಿನಲ್ಲಿ -3.00 ಇರಬೇಕಾದದ್ದು -1.00 ಆಗಿಬಿಡುತ್ತದೆ. ಒಂದು ಸಣ್ಣ ಗೆರೆ ಹೋಗಿದ್ದಕ್ಕೆ 2 ಡಯಾಪ್ಟರ್ (ಪವರ್‌ನ ಅಳತೆ) ತಪ್ಪು. ಸಂಖ್ಯೆಗಳೆಲ್ಲ ಸರಿಯಾಗಿಯೇ ಕಾಣುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

## ಮೊದಲೇ ಜೋಡಿಸಿಕೊಳ್ಳಬೇಕಾದದ್ದು

ಎರಡು ದೊಡ್ಡ ಹಾಳೆ, ಕೆಂಪು ಪೆನ್ನು. ಟ್ರಯಲ್ ಸೆಟ್‌ನಿಂದ (ಪರೀಕ್ಷೆಗೆ ಬಳಸುವ ಲೆನ್ಸ್‌ಗಳ ಪೆಟ್ಟಿಗೆ) ಪವರ್ ಗೊತ್ತಿರುವ ಎರಡು ಲೆನ್ಸ್. ಯಾವ ಪೇಶೆಂಟ್ ಮಾಹಿತಿಯೂ ಇಲ್ಲದ ಒಂದು ಖಾಲಿ ಕಂಪ್ಯೂಟರ್. ಹೆಸರು ತೆಗೆದ ಐದು ಹಳೆಯ ಕೇಸ್ ಶೀಟ್. ಇವುಗಳ ಜೊತೆಗೆ ನಿಮ್ಮ ಸಿಬ್ಬಂದಿಯಲ್ಲಿ ಒಬ್ಬರು, ಈ ಕೆಲಸ ತನ್ನದು ಅಂತ ಒಪ್ಪಿಕೊಂಡವರು. ಅವರಿಗೆ ವಾರದಲ್ಲಿ ಕೆಲವು ಗಂಟೆ ಬೇರೆ ಕೆಲಸ ಕೊಡಬೇಡಿ. ಇಂಥ ಒಬ್ಬರು ಇಲ್ಲದಿದ್ದರೆ ಸುಮ್ನೆ ಶುರು ಮಾಡಬೇಡಿ, ಮೊದಲು ಅವರನ್ನು ಹುಡುಕಿ.

## ಹಂತ 1: ಒಬ್ಬ ಪೇಶೆಂಟ್ ಹಿಂದೆ ನಡೆಯಿರಿ

ಒಂದು ಇಡೀ ದಿನ ಇದಕ್ಕೆ ಕೊಡಿ. ಪೇಶೆಂಟ್ ಫೋನ್ ಮಾಡಿದ ಕ್ಷಣದಿಂದ ಕನ್ನಡಕ ಹಾಕಿಕೊಂಡು ಹೊರಡುವವರೆಗೆ ಏನೇನು ನಡೆಯುತ್ತದೋ ಎಲ್ಲವನ್ನೂ ದೊಡ್ಡ ಹಾಳೆಯಲ್ಲಿ ಬರೆಯಿರಿ. ಅಪಾಯಿಂಟ್‌ಮೆಂಟ್, ನೋಂದಣಿ, ಹಳೆಯ ಕನ್ನಡಕದ ಪವರ್ ನೋಡುವುದು, ಆಟೋ ರಿಫ್ರಾಕ್ಟರ್ (ಪವರ್ ಅಂದಾಜು ಮಾಡುವ ಮೆಷಿನ್), ರಿಫ್ರಾಕ್ಷನ್ (ಲೆನ್ಸ್ ಹಾಕಿ ಪವರ್ ಕಂಡುಹಿಡಿಯುವುದು), ಸ್ಲಿಟ್ ಲ್ಯಾಂಪ್, ಕಣ್ಣಿನ ಒತ್ತಡ, ಫಂಡಸ್ (ಕಣ್ಣಿನ ಒಳಗಿನ ಹಿಂಭಾಗ), ಸಲಹೆ, ಫ್ರೇಮ್ ಆಯ್ಕೆ, ಅಳತೆ, ಮುಂಗಡ, ಲ್ಯಾಬ್ ಆರ್ಡರ್, ಲೆನ್ಸ್ ಬಂದಾಗ ತಪಾಸಣೆ, ಡೆಲಿವರಿ, ಮುಂದಿನ ಭೇಟಿ.

ಈಗ ಕೆಂಪು ಪೆನ್ನು ತೆಗೆದುಕೊಳ್ಳಿ. ಒಂದೇ ಮಾಹಿತಿಯನ್ನು ಯಾರಾದರೂ ಎರಡನೇ ಸಲ ಬರೆದ ಕಡೆಯಲ್ಲೆಲ್ಲ ಒಂದು ಚುಕ್ಕೆ ಇಡಿ. ನಾನು ಮೊದಲ ಸಲ ಇದನ್ನು ಮಾಡಿದಾಗ ಪವರ್ ಒಂದಕ್ಕೇ ನಾಲ್ಕು ಚುಕ್ಕೆ ಬಿತ್ತು: ಮೆಷಿನ್ ಸ್ಲಿಪ್‌ನಿಂದ ಶೀಟ್‌ಗೆ, ಶೀಟ್‌ನಿಂದ ಚೀಟಿಗೆ, ಚೀಟಿಯಿಂದ ಜಾಬ್ ಕಾರ್ಡ್‌ಗೆ, ಜಾಬ್ ಕಾರ್ಡ್‌ನಿಂದ ಲ್ಯಾಬ್ ಮೆಸೇಜ್‌ಗೆ. ಅದರಲ್ಲಿ ಎರಡು ಚುಕ್ಕೆ ನನ್ನ ಕೈಯಿಂದಲೇ ಆಗಿತ್ತು, ಅದು ನನಗೇ ಗೊತ್ತಿರಲಿಲ್ಲ.

ಈ ಹಾಳೆಯನ್ನು ಗೋಡೆಗೆ ಅಂಟಿಸಿ. ಸಾಫ್ಟ್‌ವೇರ್ ಯಾವುದೇ ಆಗಿರಲಿ, ಎಷ್ಟು ಕೆಂಪು ಚುಕ್ಕೆ ಅಳಿಸುತ್ತದೆ ಅನ್ನೋದೇ ಅದರ ನಿಜವಾದ ಬೆಲೆ.

ಎಚ್ಚರಿಕೆ: ಹಾಳೆ ಬರೆಯುವಾಗ "ನಾವು ಹೀಗೆ ಮಾಡಬೇಕು" ಅನ್ನೋದನ್ನು ಬರೆಯಬೇಡಿ. ಇವತ್ತು ನಿಜವಾಗಿ ಹೇಗೆ ನಡೆಯಿತೋ ಅಷ್ಟನ್ನೇ ಬರೆಯಿರಿ.

## ಹಂತ 2: ಬೇಕಾದ್ದು ಏನು ಅಂತ ಬರೆದಿಡಿ

ಇಲ್ಲಿ ಎರಡು ಬೇರೆ ಕೆಲಸಗಳಿವೆ. ಒಂದು ಪರೀಕ್ಷೆಯ ದಾಖಲೆ ಇಡುವುದು. ಇನ್ನೊಂದು ಅಪಾಯಿಂಟ್‌ಮೆಂಟ್, ಬಿಲ್, ಸ್ಟಾಕ್, ಆರ್ಡರ್, ರೀಕಾಲ್ (ಮತ್ತೆ ಬರಬೇಕಾದವರನ್ನು ಕರೆಯುವುದು) ನೋಡಿಕೊಳ್ಳುವುದು. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಎರಡೂ ಒಂದರಲ್ಲೇ ಇರುತ್ತವೆ. ಕೆಲವು ಕಡೆ ಎರಡು ಸಾಫ್ಟ್‌ವೇರ್‌ಗಳನ್ನು ಜೋಡಿಸಿರುತ್ತಾರೆ. ಜೋಡಿಸಿದ್ದರೆ ತಪ್ಪು ಹುಟ್ಟುವುದು ಆ ಜೋಡಣೆಯ ಜಾಗದಲ್ಲೇ. ಅದನ್ನು ಬೇರೆಯಾಗಿ ಪರೀಕ್ಷಿಸಬೇಕು.

ಸಾಮಾನ್ಯ ಆಸ್ಪತ್ರೆಗೆ ಅಂತ ಮಾಡಿದ ಸಾಫ್ಟ್‌ವೇರ್ ಕಣ್ಣಿಗೆ ಸಾಲುವುದಿಲ್ಲ. ಅದರಲ್ಲಿ ಎಲ್ಲವನ್ನೂ ಒಂದು ದೊಡ್ಡ ಖಾಲಿ ಪೆಟ್ಟಿಗೆಯಲ್ಲಿ ಟೈಪ್ ಮಾಡಬೇಕಾಗುತ್ತದೆ. ಹಾಗೆ ಟೈಪ್ ಮಾಡಿದ ಪವರ್ ಕಂಪ್ಯೂಟರ್‌ಗೆ ಬರೀ ಅಕ್ಷರ, ಅದನ್ನು ಆರ್ಡರ್‌ಗೆ ಕಳಿಸಲು ಆಗುವುದಿಲ್ಲ, ಹೋದ ವರ್ಷದ್ದರ ಜೊತೆ ಹೋಲಿಸಲು ಆಗುವುದಿಲ್ಲ. ನಿಮಗೆ ಬೇಕಾದದ್ದು ಬಲಗಣ್ಣು, ಎಡಗಣ್ಣಿಗೆ ಬೇರೆ ಬೇರೆ ಖಾನೆ: ಸ್ಫಿಯರ್, ಸಿಲಿಂಡರ್, ಆಕ್ಸಿಸ್, ಆ್ಯಡ್ (ಓದಲು ಸೇರಿಸುವ ಪವರ್), ಪ್ರಿಸಂ (ಬೆಳಕನ್ನು ಒಂದು ಪಕ್ಕಕ್ಕೆ ವಾಲಿಸುವ ಲೆನ್ಸ್) ಮತ್ತು ಅದರ ಬೇಸ್ ದಿಕ್ಕು, ದೃಷ್ಟಿಯ ಅಳತೆ. ಪಿಡಿ (ಕಣ್ಣಿನ ಪಾಪೆಗಳ ನಡುವಿನ ದೂರ) ಎರಡೂ ಕಣ್ಣಿಗೆ ಬಿಡಿಬಿಡಿಯಾಗಿ ಬರೆಯುವ ಹಾಗಿರಬೇಕು. ಪ್ರೋಗ್ರೆಸಿವ್ ಲೆನ್ಸ್ (ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸ್) ಕೊಡುವವರಾದರೆ ಫಿಟ್ಟಿಂಗ್ ಹೈಟ್ (ಫ್ರೇಮ್‌ನಲ್ಲಿ ಪಾಪೆ ಬರುವ ಎತ್ತರ) ಬೇಕೇ ಬೇಕು.

ಕಾಂಟ್ಯಾಕ್ಟ್ ಲೆನ್ಸ್‌ಗೆ ಪೂರ್ತಿ ಬೇರೆ ಪುಟ ಇರಬೇಕು. ಬೇಸ್ ಕರ್ವ್ (ಲೆನ್ಸ್‌ನ ಒಳಬಾಗು), ಡಯಾಮೀಟರ್, ಬ್ರ್ಯಾಂಡ್, ಟ್ರಯಲ್ ಲೆನ್ಸ್ ಕೂತ ಬಗೆ, ಎಷ್ಟು ದಿನಕ್ಕೆ ಬದಲಾಯಿಸಬೇಕು, ಇವೆಲ್ಲ ಕನ್ನಡಕದ ಚೀಟಿಯಲ್ಲಿ ಇರುವುದೇ ಇಲ್ಲ. ಪವರ್ ಕೂಡ ಬೇರೆ. 12 ಮಿಲಿಮೀಟರ್ ದೂರದಲ್ಲಿ ಕೂರುವ -8.00 ಕನ್ನಡಕ, ಕಣ್ಣಿನ ಮೇಲೇ ಕೂರುವ ಲೆನ್ಸ್‌ನಲ್ಲಿ ಸುಮಾರು -7.25 ಆಗುತ್ತದೆ. ಕನ್ನಡಕದ ಪವರ್ ಅನ್ನೇ ಹಾಗೇ ಎತ್ತಿ ಕಾಂಟ್ಯಾಕ್ಟ್ ಲೆನ್ಸ್ ಆರ್ಡರ್‌ಗೆ ಹಾಕುವ ಸಾಫ್ಟ್‌ವೇರ್ ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ಪಟ್ಟಿಯನ್ನು "ಇದಿಲ್ಲದೆ ಆಗದು" ಮತ್ತು "ಇದ್ದರೆ ಒಳ್ಳೆಯದು" ಅಂತ ಎರಡು ಭಾಗ ಮಾಡಿ. ಮೊದಲ ಭಾಗ ಒಂದು ಪುಟ ಮೀರಬಾರದು.

## ಹಂತ 3: ಡೆಮೊದಲ್ಲಿ ಮೌಸ್ ನಿಮ್ಮ ಕೈಯಲ್ಲಿರಲಿ

ಮಾರುವವರು ತೋರಿಸುವ ಡೆಮೊ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಅವರ ಪೇಶೆಂಟ್‌ಗೆ -1.00 ಪವರ್, ಬೇರೆ ತೊಂದರೆ ಏನೂ ಇಲ್ಲ. ನೀವು ನಿಮ್ಮ ಐದು ಕೇಸ್ ತೆಗೆದುಕೊಂಡು ಹೋಗಿ, ನೀವೇ ಕೂತು ಟೈಪ್ ಮಾಡಿ.

ನಾನು ಆರಿಸುವ ಐದು ಇವು. ಮೊದಲನೆಯದು ಜಾಸ್ತಿ ಪವರ್, ಜಾಸ್ತಿ ಸಿಲಿಂಡರ್, ಜೊತೆಗೆ ಪ್ರಿಸಂ ಇರುವವರು. ಆಕ್ಸಿಸ್ 5 ಅಂತ ಹಾಕಿ, ಪ್ರಿಂಟ್‌ನಲ್ಲಿ ಹೇಗೆ ಬರುತ್ತದೆ ನೋಡಿ. ಒಂದು ಕಣ್ಣನ್ನು ಪ್ಲೇನೋ (ಪವರ್ ಸೊನ್ನೆ) ಅಂತ ಹಾಕಿ, ಇನ್ನೊಂದು ಖಾನೆಯನ್ನು ಖಾಲಿ ಬಿಡಿ. ಪವರ್ ಸೊನ್ನೆ ಅನ್ನೋದಕ್ಕೂ ಇನ್ನೂ ನೋಡಿಲ್ಲ ಅನ್ನೋದಕ್ಕೂ ಸಾಫ್ಟ್‌ವೇರ್ ವ್ಯತ್ಯಾಸ ತೋರಿಸಲೇಬೇಕು.

ಎರಡನೆಯದು ಒಂದೇ ದಿನ ಕನ್ನಡಕ ಮತ್ತು ಕಾಂಟ್ಯಾಕ್ಟ್ ಲೆನ್ಸ್ ಎರಡೂ ಬೇಕಾದವರು. ಮೂರನೆಯದು ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಸಂಶಯ ಇರುವವರು, ಐದು ಭೇಟಿಯ ಕಣ್ಣಿನ ಒತ್ತಡ ಹಾಕಿ. ಒತ್ತಡ ದಿನದ ಬೇರೆ ಬೇರೆ ಹೊತ್ತಿನಲ್ಲಿ ಬದಲಾಗುತ್ತದೆ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ದಪ್ಪ ತೆಳು ಇದ್ದಂತೆ ಅಳತೆಯೂ ಏರುಪೇರಾಗುತ್ತದೆ. ಹಾಗಾಗಿ ಬರೀ 18 ಅಂತ ಇದ್ದರೆ ಸಾಲದು. ಎಷ್ಟು ಗಂಟೆಗೆ, ಯಾವ ಟೋನೋಮೀಟರ್‌ನಲ್ಲಿ (ಒತ್ತಡ ಅಳೆಯುವ ಉಪಕರಣ), ಕಾರ್ನಿಯಾ ದಪ್ಪ ಎಷ್ಟು, ಇವು ಪಕ್ಕದಲ್ಲೇ ಕಾಣಬೇಕು. ಐದೂ ಭೇಟಿ ಒಂದೇ ಗ್ರಾಫ್‌ನಲ್ಲಿ ಬರಬೇಕು. ಅಲ್ಲಿಂದಲೇ ಕಣ್ಣಿನ ತಜ್ಞರಿಗೆ ರೆಫರಲ್ ಪತ್ರ ತೆಗೆಯಿರಿ.

ನಾಲ್ಕನೆಯದು ಒಂದೇ ಮೊಬೈಲ್ ನಂಬರ್ ಇರುವ ತಾಯಿ ಮತ್ತು ಇಬ್ಬರು ಮಕ್ಕಳು. ನಂಬರ್ ನೋಡಿ ಮೂವರನ್ನೂ ಒಬ್ಬರೇ ಅಂತ ಸೇರಿಸಿಬಿಡುತ್ತದೆಯಾ ಅಂತ ಪರೀಕ್ಷಿಸಿ.

ಐದನೆಯದು ಎಲ್ಲಕ್ಕಿಂತ ಮುಖ್ಯ: "ಕನ್ನಡಕ ಒಗ್ಗುತ್ತಿಲ್ಲ" ಅಂತ ವಾಪಸ್ ಬಂದವರು. ಮೊದಲು ಬರೆದ ಪವರ್, ಲ್ಯಾಬ್‌ಗೆ ಹೋದ ಆರ್ಡರ್, ಬಂದ ಲೆನ್ಸ್‌ನ ಅಳತೆ, ಮೂರೂ ಒಂದೇ ಪುಟದಲ್ಲಿ ಸಿಗುತ್ತವೆಯಾ? ಹಳೆಯದನ್ನು ಅಳಿಸದೆ ಹೊಸ ಆರ್ಡರ್ ಹಾಕಲು ಆಗುತ್ತದೆಯಾ? ಇಲ್ಲಿ ತಡವರಿಸಿದ ಸಾಫ್ಟ್‌ವೇರ್ ಮುಂದೆ ದಿನಾ ತಡವರಿಸುತ್ತದೆ.

ಪ್ರತಿ ಕೇಸ್‌ಗೂ ಗಡಿಯಾರ ನೋಡಿಕೊಳ್ಳಿ. ಪೇಶೆಂಟ್ ಮುಖ ನೋಡದೆ ಪರದೆ ನೋಡುತ್ತ ಎಷ್ಟು ಹೊತ್ತು ಕಳೆದಿರಿ ಅನ್ನೋದು ಅದರಲ್ಲಿ ಗೊತ್ತಾಗುತ್ತದೆ.

## ಹಂತ 4: ಸಹಿ ಹಾಕುವ ಮುಂಚೆ ಹೊರಬರುವ ದಾರಿ ಕೇಳಿ

ಈ ಹಂತ ಚಿಕ್ಕದು, ಆದರೆ ಬಿಡಬೇಡಿ. ನಾಳೆ ಈ ಸಾಫ್ಟ್‌ವೇರ್ ಬಿಟ್ಟರೆ ನನ್ನ ದಾಖಲೆ ನನಗೆ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ, ಎಷ್ಟು ಶುಲ್ಕಕ್ಕೆ ಸಿಗುತ್ತದೆ? ಉತ್ತರ ಒಪ್ಪಂದದಲ್ಲಿ ಬರಹದಲ್ಲಿ ಇರಬೇಕು.

ಪಿಡಿಎಫ್ ಕೊಡುತ್ತೇವೆ ಅಂದರೆ ಅದು ಸಾಲದು. ಪಿಡಿಎಫ್‌ನಿಂದ ಪವರ್ ತೆಗೆದು ಇನ್ನೊಂದು ಸಾಫ್ಟ್‌ವೇರ್‌ಗೆ ಹಾಕಬೇಕಾದರೆ ಮತ್ತೆ ಕೈಯಲ್ಲಿ ಬರೆಯಬೇಕು, ಅಲ್ವಾ? ಸಿಎಸ್‌ವಿ ಫೈಲ್ (ಯಾವ ಸಾಫ್ಟ್‌ವೇರ್ ಕೂಡ ಓದಬಲ್ಲ ಸರಳ ಪಟ್ಟಿ) ಆದರೂ ಬೇಕು. ಆರೋಗ್ಯ ದಾಖಲೆಗಳನ್ನು ಸಾಫ್ಟ್‌ವೇರ್‌ಗಳ ನಡುವೆ ಕಳಿಸಲು ಎಚ್‌ಎಲ್7 ಸಂಸ್ಥೆ ರೂಪಿಸಿದ ಫೈರ್ (FHIR) ಮಾನದಂಡದಲ್ಲಿ ಕನ್ನಡಕ ಮತ್ತು ಕಾಂಟ್ಯಾಕ್ಟ್ ಲೆನ್ಸ್ ಪವರ್‌ಗೆಂದೇ ವಿಷನ್ ಪ್ರಿಸ್ಕ್ರಿಪ್ಷನ್ ಅನ್ನುವ ವಿಭಾಗ ಇದೆ. ಅದನ್ನು ಬೆಂಬಲಿಸುತ್ತೀರಾ ಅಂತ ಕೇಳಿ. ಫೋಟೊ ಮತ್ತು ಓಸಿಟಿ (ರೆಟಿನಾದ ಪದರಗಳ ಸ್ಕ್ಯಾನ್) ಚಿತ್ರಗಳು ಡೈಕಾಮ್ (ವೈದ್ಯಕೀಯ ಚಿತ್ರಗಳ ಮಾನದಂಡ) ರೂಪದಲ್ಲಿ ವಾಪಸ್ ಸಿಗಬೇಕು.

ಸಹಿ ಹಾಕುವ ಮೊದಲೇ ಮಾದರಿ ಎಕ್ಸ್‌ಪೋರ್ಟ್ ಫೈಲ್ ಒಂದನ್ನು ತರಿಸಿ, ತೆರೆದು ನೋಡಿ. ಕೊಡಲು ಹಿಂದೆಮುಂದೆ ನೋಡಿದರೆ ಅದೇ ನಿಮಗೆ ಉತ್ತರ.

## ಹಂತ 5: ಟೆಂಪ್ಲೇಟ್ ಮತ್ತು ಅನುಮತಿ

ಪರೀಕ್ಷೆ ಪುಟವನ್ನು ನೀವು ಕಣ್ಣು ನೋಡುವ ಕ್ರಮದಲ್ಲೇ ಜೋಡಿಸಿ. ಪರದೆ ಕೆಳಗೆ ಮೇಲೆ ಓಡಿಸಬೇಕಾದರೆ ಆ ಟೆಂಪ್ಲೇಟ್ ಬದಲಿಸಬೇಕು ಅಂತ ಅರ್ಥ.

ದೃಷ್ಟಿಯ ಅಳತೆಗೆ ಒಂದೇ ಪದ್ಧತಿ ಇಟ್ಟುಕೊಳ್ಳಿ. ಇದು ಸಣ್ಣ ವಿಷಯ ಅಲ್ಲ. ಲಾಗ್‌ಮಾರ್ ಪದ್ಧತಿಯಲ್ಲಿ (ಇದರಲ್ಲಿ ಸೊನ್ನೆ ಅಂದರೆ 6/6) 0.1 ಅಂದರೆ 6/7.5, ಹೆಚ್ಚುಕಡಿಮೆ ಪೂರ್ತಿ ದೃಷ್ಟಿ. ದಶಮಾಂಶ ಪದ್ಧತಿಯಲ್ಲಿ ಅದೇ 0.1 ಅಂದರೆ 6/60. ಒಂದೇ ಖಾನೆಯಲ್ಲಿ ಇಬ್ಬರು ಎರಡು ಪದ್ಧತಿಯಲ್ಲಿ ಬರೆದರೆ, ಕಣ್ಣು ಕಾಣುವವರೂ ಕಾಣದವರೂ ದಾಖಲೆಯಲ್ಲಿ ಒಂದೇ ಆಗಿಬಿಡುತ್ತಾರೆ. ಸಿಲಿಂಡರ್ ಕೂಡ ಹಾಗೇ. ಇಡೀ ಕ್ಲಿನಿಕ್ ಮೈನಸ್‌ನಲ್ಲಿ ಬರೆಯುವುದಾದರೆ ಎಲ್ಲರೂ ಮೈನಸ್‌ನಲ್ಲೇ ಬರೆಯಲಿ. ಹೊರಗಿನಿಂದ ಪ್ಲಸ್ ಸಿಲಿಂಡರ್ ಚೀಟಿ ಬಂದರೆ ಸಾಫ್ಟ್‌ವೇರ್ ಸ್ವತಃ ಬದಲಿಸಬೇಕು. -3.00 / +1.00 × 90 ಅಂತ ಹಾಕಿದರೆ -2.00 / -1.00 × 180 ಅಂತ ಬರಬೇಕು. ಇದನ್ನು ಒಂದು ಸಲ ಕಣ್ಣಾರೆ ನೋಡಿ.

ಈಗ ನಾನು ಗಟ್ಟಿಯಾಗಿ ಹೇಳಬೇಕಾದ ಮಾತು. "ಎಲ್ಲ ನಾರ್ಮಲ್" ಅನ್ನುವ ಬಟನ್ ಮತ್ತು "ಹೋದ ಸಲದ್ದು ಕಾಪಿ ಮಾಡು" ಅನ್ನುವ ಬಟನ್, ಎರಡನ್ನೂ ಆಫ್ ಮಾಡಿಸಿ. ಸಮಯ ಉಳಿಯುತ್ತದೆ ನಿಜ. ಆದರೆ ಆಪ್ಟಿಕ್ ಡಿಸ್ಕ್‌ನ (ಕಣ್ಣಿನ ನರ ಶುರುವಾಗುವ ಜಾಗ) ಕಪ್ ಅನುಪಾತ, ಅಂದರೆ ಅದರ ನಡುವಿನ ಗುಂಡಿಯ ಪಾಲು, ಮೂರು ವರ್ಷ 0.4 ಅಂತ ಕಾಪಿ ಆಗುತ್ತಲೇ ಹೋದರೆ, ನಿಜವಾದ ಕಣ್ಣಿನಲ್ಲಿ ಅದು 0.6 ಆಗಿದ್ದು ದಾಖಲೆಯಲ್ಲಿ ಎಲ್ಲೂ ಕಾಣುವುದಿಲ್ಲ. ಹಳೆಯದು ಪಕ್ಕದಲ್ಲಿ ಕಾಣಲಿ, ಹೊಸ ಖಾನೆ ಮಾತ್ರ ಖಾಲಿ ಇರಲಿ. ನೋಡಿದವರೇ ತುಂಬಲಿ.

ರೋಗದ ಹೆಸರಿಗೆ ಕೋಡ್ ಬಳಸುವವರು ಒಂದು ಚಿಕ್ಕ ಪಟ್ಟಿ ಮಾಡಿಕೊಳ್ಳಿ. ಐಸಿಡಿ-10ರಲ್ಲಿ (ರೋಗಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿ) ಮಯೋಪಿಯಾ (ದೂರದ್ದು ಮಸುಕು) ಎಚ್52.1, ಅಸ್ಟಿಗ್ಮಾಟಿಸಂ (ಸಿಲಿಂಡರ್ ಪವರ್) ಎಚ್52.2, ಪ್ರೆಸ್ಬಯೋಪಿಯಾ (ವಯಸ್ಸಾದಂತೆ ಹತ್ತಿರದ್ದು ಮಸುಕು) ಎಚ್52.4. ದಿನಾ ಬರುವವು ಇಪ್ಪತ್ತೋ ಮೂವತ್ತೋ ಇರುತ್ತವೆ ಅಷ್ಟೇ.

ಅನುಮತಿಯ ವಿಷಯ. ಪ್ರತಿಯೊಬ್ಬರಿಗೂ ಅವರದೇ ಲಾಗಿನ್ ಇರಬೇಕು. ಒಂದೇ ಪಾಸ್‌ವರ್ಡ್ ಅನ್ನು ಇಡೀ ಕ್ಲಿನಿಕ್ ಬಳಸಿದರೆ, ಯಾರು ಏನು ಬದಲಿಸಿದರು ಅನ್ನುವ ಲೆಕ್ಕಕ್ಕೆ ಅರ್ಥವೇ ಇಲ್ಲ. ರಿಸೆಪ್ಷನ್‌ನವರು ಪವರ್ ತಿದ್ದಲು ಆಗಬಾರದು. ಕನ್ನಡಕ ವಿಭಾಗದವರು ಪವರ್ ನೋಡಬಹುದು, ಬದಲಿಸುವಂತಿಲ್ಲ. ಸಹಿ ಆದ ಚೀಟಿ ಲಾಕ್ ಆಗಬೇಕು. ತಿದ್ದುಪಡಿ ಬೇಕಾದರೆ ತಾರೀಖು, ಹೆಸರು, ಕಾರಣದ ಜೊತೆ ಹೊಸ ಸಾಲಾಗಿ ಸೇರಬೇಕು, ಹಳೆಯದೂ ಉಳಿಯಬೇಕು. ಹೊರಗಿನಿಂದ ಲಾಗಿನ್ ಆಗುವುದಿದ್ದರೆ ಎರಡು ಹಂತದ ದೃಢೀಕರಣ ಕಡ್ಡಾಯ.

## ಹಂತ 6: ಮೆಷಿನ್‌ಗಳನ್ನು ಜೋಡಿಸುವುದು

ನಿಮ್ಮಲ್ಲಿರುವ ಪ್ರತಿ ಮೆಷಿನ್‌ನ ಮಾಡೆಲ್, ಹಿಂದೆ ಯಾವ ಪೋರ್ಟ್ ಇದೆ, ಒಳಗಿನ ಸಾಫ್ಟ್‌ವೇರ್ ಯಾವ ವರ್ಷನ್, ಎಲ್ಲ ಬರೆದುಕೊಳ್ಳಿ. ಹಳೆಯ ಆಟೋ ರಿಫ್ರಾಕ್ಟರ್‌ಗಳಲ್ಲಿ ಸೀರಿಯಲ್ ಕೇಬಲ್ ಇರುತ್ತದೆ, ಹೊಸತರಲ್ಲಿ ನೆಟ್‌ವರ್ಕ್. "ಎಲ್ಲ ಮೆಷಿನ್‌ಗೂ ಜೋಡಿಸುತ್ತೇವೆ" ಅನ್ನುವ ಮಾತು ನಂಬಿಕೊಂಡು ಕೂರಬೇಡಿ, ನಿಮ್ಮ ಮಾಡೆಲ್ ಹೆಸರು ಬರೆದು ಒಪ್ಪಿಗೆ ಪಡೆಯಿರಿ.

ಜೋಡಿಸಿದ ಮೇಲೆ ಪರೀಕ್ಷೆ ಹೀಗೆ. ಟ್ರಯಲ್ ಸೆಟ್‌ನಿಂದ +2.00 ಲೆನ್ಸ್ ತೆಗೆದು ಲೆನ್ಸೋಮೀಟರ್‌ನಲ್ಲಿ (ಲೆನ್ಸ್ ಪವರ್ ಅಳೆಯುವ ಮೆಷಿನ್) ಬಲಗಣ್ಣು ಅಂತ ಅಳೆಯಿರಿ. -3.00 ತೆಗೆದು ಎಡಗಣ್ಣು ಅಂತ ಅಳೆಯಿರಿ. ಕಳಿಸಿ. ಪರದೆಯಲ್ಲಿ ಪ್ಲಸ್ ಬಲಕ್ಕೆ, ಮೈನಸ್ ಎಡಕ್ಕೆ ಬಂತಾ? ಚಿಹ್ನೆ ಉಳಿಯಿತಾ? ಒಂದೇ ಪವರ್‌ನ ಎರಡು ಲೆನ್ಸ್ ಇಟ್ಟು ಪರೀಕ್ಷೆ ಮಾಡಿದರೆ ಎಡಬಲ ಅದಲುಬದಲಾದದ್ದು ಗೊತ್ತೇ ಆಗುವುದಿಲ್ಲ. ತುಂಬ ಜನ ಮಾಡುವ ತಪ್ಪು ಇದು.

ಆಟೋ ರಿಫ್ರಾಕ್ಟರ್ ಕೊಟ್ಟ ಸಂಖ್ಯೆ ಎಲ್ಲಿ ಹೋಗಿ ಕೂರುತ್ತದೆ ಅಂತಲೂ ನೋಡಿ. ಅದು ಮೆಷಿನ್ ಅಳತೆಯ ಖಾನೆಯಲ್ಲಿ ಇರಬೇಕು. ನೇರವಾಗಿ ಅಂತಿಮ ಚೀಟಿಗೆ ಹೋಗಬಾರದು. ಮಕ್ಕಳು ಮೆಷಿನ್ ಒಳಗೆ ನೋಡುವಾಗ ಹತ್ತಿರಕ್ಕೆ ಫೋಕಸ್ ಮಾಡಿಬಿಡುತ್ತಾರೆ, ಮೈನಸ್ ಜಾಸ್ತಿ ಬರುತ್ತದೆ. ಅದೇ ಸಂಖ್ಯೆ ಯಾರೂ ನೋಡದೆ ಕನ್ನಡಕ ಆಗಬಾರದು.

ಓಸಿಟಿ, ಫಂಡಸ್ ಕ್ಯಾಮೆರಾ, ಫೀಲ್ಡ್ ಮೆಷಿನ್‌ಗಳಿಗೆ (ನೋಟದ ವ್ಯಾಪ್ತಿ ಅಳೆಯುವವು) ಡೈಕಾಮ್ ವರ್ಕ್‌ಲಿಸ್ಟ್ ಇದ್ದರೆ ಚಾಲೂ ಮಾಡಿಸಿ. ಆಗ ಪೇಶೆಂಟ್ ಹೆಸರು ಮತ್ತು ಐಡಿ ಸಾಫ್ಟ್‌ವೇರ್‌ನಿಂದಲೇ ಮೆಷಿನ್‌ಗೆ ಹೋಗುತ್ತದೆ. ಮೆಷಿನ್ ಮುಂದೆ ಕೂತು ಹೆಸರು ಟೈಪ್ ಮಾಡುವುದು ತಪ್ಪುತ್ತದೆ, ಇಬ್ಬರ ಸ್ಕ್ಯಾನ್ ಬೆರೆಯುವುದೂ ತಪ್ಪುತ್ತದೆ. ಪ್ರತಿ ಮೆಷಿನ್‌ನ ಗಡಿಯಾರವನ್ನೂ ಸರಿಮಾಡಿ.

## ಹಂತ 7: ಹಳೆಯ ಡೇಟಾ ತರುವುದು

ಇಡೀ ಕೆಲಸದಲ್ಲಿ ಜಾಸ್ತಿ ಕೆಡುವುದು ಇಲ್ಲಿ. ನಿಧಾನವಾಗಿ ಓದಿ.

ಹಳೆಯ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಹಾಗೆ ತೆರೆದರೆ 6/6 ಮತ್ತು 6/9 ಅನ್ನುವ ದೃಷ್ಟಿಯ ಅಳತೆಗಳು ತಾರೀಖುಗಳಾಗುತ್ತವೆ. +1.25 ಅನ್ನುವುದು 1.25 ಆಗುತ್ತದೆ, ಪ್ಲಸ್ ಚಿಹ್ನೆ ಮಾಯ. ಸೊನ್ನೆಯಿಂದ ಶುರುವಾಗುವ ಫೈಲ್ ನಂಬರ್‌ನ ಸೊನ್ನೆ ಹೋಗುತ್ತದೆ. ದೇಶದ ಕೋಡ್ ಸೇರಿದ ಉದ್ದ ಮೊಬೈಲ್ ನಂಬರ್ 9.2ಇ+11 ಥರ ಕುಗ್ಗುತ್ತದೆ. ಈ ಸ್ಥಿತಿಯಲ್ಲಿ ಸೇವ್ ಮಾಡಿದಿರೋ, ಮೂಲ ವಾಪಸ್ ಬರುವುದಿಲ್ಲ. ಮೊದಲು ಮೂಲ ಫೈಲ್‌ನ ಒಂದು ಪ್ರತಿಯನ್ನು ಮುಟ್ಟದ ಹಾಗೆ ಎತ್ತಿಡಿ. ಆಮೇಲೆ ಇಂಪೋರ್ಟ್ ಆಯ್ಕೆಯಿಂದ ತೆರೆದು, ಪ್ರತಿ ಕಾಲಂ ಕೂಡ ಟೆಕ್ಸ್ಟ್ ಅಂತ ಹೇಳಿ. ಅಕ್ಷರ ಪದ್ಧತಿ ಯುಟಿಎಫ್-8 ಅಂತ ಆರಿಸಿ, ಇಲ್ಲದಿದ್ದರೆ ಇಂಗ್ಲಿಷ್ ಅಲ್ಲದ ಲಿಪಿಯ ಹೆಸರುಗಳು ಚೆಲ್ಲಾಪಿಲ್ಲಿಯಾಗುತ್ತವೆ.

ತಾರೀಖಿನ ಕ್ರಮವನ್ನೂ ಕೇಳಿ. 04/05 ಅಂದರೆ ಮೇ 4 ಅಥವಾ ಏಪ್ರಿಲ್ 5. ಎರಡೂ ಸರಿಯಾದ ತಾರೀಖೇ ಆದ್ದರಿಂದ ಯಾವ ಎಚ್ಚರಿಕೆಯೂ ಬರುವುದಿಲ್ಲ. ತಿಂಗಳ 13ರ ನಂತರ ಹುಟ್ಟಿದ ಹತ್ತು ಜನರನ್ನು, 12ರ ಒಳಗೆ ಹುಟ್ಟಿದ ಹತ್ತು ಜನರನ್ನು ಆರಿಸಿ ಎರಡೂ ಕಡೆ ಹೋಲಿಸಿ.

ಡೇಟಾವನ್ನು ಮೊದಲು ಪರೀಕ್ಷಾ ಪ್ರತಿಗೆ ಹಾಕಿಸಿ, ನಿಜವಾದ ಜಾಗಕ್ಕಲ್ಲ. ಆಮೇಲೆ ಪ್ರತಿ ಕಾಲಂ ಅನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಎರಡು ತುದಿಗಳನ್ನು ನೋಡಿ. ತಪ್ಪುಗಳು ತುದಿಯಲ್ಲೇ ಕೂತಿರುತ್ತವೆ. ಆಕ್ಸಿಸ್ 180 ದಾಟಿದೆಯಾ? -225 ಅನ್ನುವ ಸ್ಫಿಯರ್ ಇದೆಯಾ? ಅದು ಚುಕ್ಕೆ ಬಿಟ್ಟುಹೋದ -2.25. ಸಿಲಿಂಡರ್ ಇದ್ದು ಆಕ್ಸಿಸ್ ಖಾಲಿ ಇದೆಯಾ? ಪಿಡಿ ಜಾಗದಲ್ಲಿ 6 ಇದೆಯಾ? ಹುಟ್ಟಿದ ತಾರೀಖು ಮುಂದಿನ ವರ್ಷದ್ದಾ?

ಇದಾದ ಮೇಲೆ ಐವತ್ತು ದಾಖಲೆಗಳನ್ನು ಹಳೆಯದರ ಪಕ್ಕ ಇಟ್ಟು ಕೈಯಲ್ಲಿ ಹೋಲಿಸಿ. ಸುಲಭದವನ್ನು ಆರಿಸಬೇಡಿ. ಅತಿ ಹೆಚ್ಚು ಪವರ್, ಪ್ರಿಸಂ, ಒಂದೇ ಹೆಸರಿನ ಇಬ್ಬರು, ಅವಳಿ ಮಕ್ಕಳು, ಒಂದೇ ಕಣ್ಣು ಇರುವವರು, ಇವರನ್ನು ಹುಡುಕಿ ತೆಗೆಯಿರಿ. ಪವರ್‌ನಲ್ಲಿ ಒಂದೇ ಒಂದು ತಪ್ಪು ಸಿಕ್ಕರೂ ಅದೊಂದನ್ನು ತಿದ್ದಿ ಮುಂದೆ ಹೋಗಬೇಡಿ. ಕಾರಣ ಹುಡುಕಿಸಿ, ಇಡೀ ಇಂಪೋರ್ಟ್ ಮತ್ತೆ ಮಾಡಿಸಿ.

ಕಾಗದದ ಫೈಲ್‌ಗಳ ವಿಷಯ ಸುಲಭ. ಎಲ್ಲವನ್ನೂ ಸ್ಕ್ಯಾನ್ ಮಾಡುವ ಹಟ ಬೇಡ. ಪೇಶೆಂಟ್ ಮತ್ತೆ ಬರುವ ಹಿಂದಿನ ದಿನ ಅವರ ಫೈಲ್ ತೆಗೆದು, ಕೊನೆಯ ಎರಡು ಪವರ್, ಒತ್ತಡದ ಇತಿಹಾಸ, ಅಲರ್ಜಿ, ಔಷಧಿ, ಆಪರೇಷನ್ ವಿವರ ಹಾಕಿ, ಉಳಿದದ್ದನ್ನು ಚಿತ್ರವಾಗಿ ಸೇರಿಸಿ. ದಾಖಲೆ ಎಷ್ಟು ವರ್ಷ ಇಡಬೇಕು ಅನ್ನೋದನ್ನು ನಿಮ್ಮ ದೇಶದ ಕಾನೂನು ಹೇಳುತ್ತದೆ. ಮಕ್ಕಳ ದಾಖಲೆಗೆ ಬೇರೆ ನಿಯಮ ಇದೆಯಾ ಅಂತ ನೋಡಿಕೊಳ್ಳಿ.

ಎಲ್ಲರೂ ಮರೆಯುವ ಇನ್ನೊಂದಿದೆ: ಅರ್ಧ ದಾರಿಯಲ್ಲಿರುವ ಕೆಲಸ. ಲ್ಯಾಬ್‌ನಲ್ಲಿರುವ ಕನ್ನಡಕಗಳು, ಕೊಟ್ಟ ಮುಂಗಡ, ಬರಬೇಕಾದ ಬಾಕಿ. ಇವು ಹಳೆಯದರಲ್ಲೇ ಉಳಿದರೆ, ಮುಂಗಡ ಕೊಟ್ಟು ಹೋದವರ ಹತ್ತಿರ ಮತ್ತೆ ಪೂರ್ತಿ ದುಡ್ಡು ಕೇಳುವ ಪರಿಸ್ಥಿತಿ ಬರುತ್ತದೆ.

ಎಚ್ಚರಿಕೆ: ಡೇಟಾ ಹಾಕುವ ಮೊದಲು ತಾನಾಗಿ ಹೋಗುವ ಮೆಸೇಜ್‌ಗಳನ್ನೆಲ್ಲ ಆಫ್ ಮಾಡಿ. ಹಳೆಯ ತಾರೀಖು ಕಂಡ ಕೂಡಲೇ ಸಾಫ್ಟ್‌ವೇರ್ "ನಿಮ್ಮ ಪರೀಕ್ಷೆ ಬಾಕಿ ಇದೆ" ಅಂತ ಎಲ್ಲರಿಗೂ ಕಳಿಸಬಹುದು. ಆ ಪಟ್ಟಿಯಲ್ಲಿ ತೀರಿಕೊಂಡವರೂ ಇರುತ್ತಾರೆ. ಆ ಮೆಸೇಜ್ ಅವರ ಮನೆಯವರ ಕೈಗೆ ಹೋಗುತ್ತದೆ.

## ಹಂತ 8: ಬ್ಯಾಕಪ್ ಅನ್ನು ವಾಪಸ್ ತಂದು ನೋಡಿ

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಈ ನಿಯಮ ಎಲ್ಲರಿಗೂ ಗೊತ್ತು. ಆದರೆ ಬ್ಯಾಕಪ್ ಆಗಿದೆ ಅನ್ನುವ ಹಸಿರು ಗುರುತು ನೋಡಿ ಸಮಾಧಾನ ಪಡುವವರೇ ಜಾಸ್ತಿ. ನಿನ್ನೆ ಬಂದ ಒಬ್ಬ ಪೇಶೆಂಟ್ ಆರಿಸಿ. ಮೊದಲು ಹೇಳಿದ ಖಾಲಿ ಕಂಪ್ಯೂಟರ್‌ನಲ್ಲಿ ಬ್ಯಾಕಪ್ ತೆರೆಯಿರಿ. ಅವರ ಚೀಟಿ, ಬಿಲ್, ಫಂಡಸ್ ಫೋಟೊ ಮೂರೂ ತೆರೆದುಕೊಂಡರೆ ಮಾತ್ರ ಬ್ಯಾಕಪ್ ಇದೆ ಅಂತ ಲೆಕ್ಕ. ಫೋಟೊಗಳು ಬೇರೆ ಫೋಲ್ಡರ್‌ನಲ್ಲಿ ಇರುವುದರಿಂದ ಬಿಟ್ಟುಹೋಗುವುದು ಸಾಮಾನ್ಯ.

ಕನಿಷ್ಠ ಒಂದು ಪ್ರತಿ ನೆಟ್‌ವರ್ಕ್‌ನಿಂದ ಕಳಚಿಟ್ಟದ್ದು ಇರಲಿ. ಫೈಲ್‌ಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ವೈರಸ್ ಬಂದರೆ ಜೋಡಿಸಿದ ಡಿಸ್ಕ್‌ಗೂ ಹೋಗುತ್ತದೆ. ಕ್ಲೌಡ್ ಸಾಫ್ಟ್‌ವೇರ್ ಆದರೂ ತಿಂಗಳಿಗೊಮ್ಮೆ ನಿಮ್ಮ ಎಕ್ಸ್‌ಪೋರ್ಟ್ ಇಳಿಸಿಕೊಳ್ಳಿ.

ಇಂಟರ್ನೆಟ್ ಅಥವಾ ಕರೆಂಟ್ ಹೋದ ದಿನಕ್ಕೆ ಪರದೆಯ ಕ್ರಮದಲ್ಲೇ ಇರುವ ಕಾಗದದ ಫಾರ್ಮ್ ಮಾಡಿಡಿ. ದಿನಾ ಸಂಜೆ ಮರುದಿನದ ಅಪಾಯಿಂಟ್‌ಮೆಂಟ್ ಪಟ್ಟಿ ಪ್ರಿಂಟ್ ತೆಗೆಯಿರಿ. ಕಾಗದದಿಂದ ಮತ್ತೆ ಕಂಪ್ಯೂಟರ್‌ಗೆ ಹಾಕುವಾಗ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಟೈಪ್ ಮಾಡಲಿ. "ಮೈನಸ್" ಅನ್ನುವ ಪದ ಬಾಯಲ್ಲಿ ಹೇಳಲೇಬೇಕು.

## ಹಂತ 9: ತರಬೇತಿ

ಸಾಫ್ಟ್‌ವೇರ್‌ನ ಎಲ್ಲ ಬಟನ್ ಎಲ್ಲರಿಗೂ ಕಲಿಸುವುದು ದಂಡ. ಅವರವರ ಕೆಲಸ ಅವರವರಿಗೆ ಕಲಿಸಿ. ಕಲಿಕೆ ಮುಗಿದ ಮೇಲೆ ತುಂಬ ದಿನ ಬಿಡಬೇಡಿ, ಮರೆತುಹೋಗುತ್ತದೆ. ಕೊನೆಗೆ ಒಂದು ನಾಟಕ ಆಡಿ: ಸಿಬ್ಬಂದಿಯಲ್ಲಿ ಒಬ್ಬರು ಪೇಶೆಂಟ್ ಆಗಿ ಬಾಗಿಲಿಂದ ಒಳಗೆ ಬರಲಿ, ಕನ್ನಡಕದ ಆರ್ಡರ್ ಹೋಗುವವರೆಗೆ ಪೂರ್ತಿ ಓಡಿಸಿ. ಅಪಾಯಿಂಟ್‌ಮೆಂಟ್ ರದ್ದು ಮಾಡುವುದು, ದುಡ್ಡು ವಾಪಸ್ ಕೊಡುವುದು, ತಪ್ಪು ಹೆಸರಿನಲ್ಲಿ ತೆರೆದ ಪುಟವನ್ನು ಸರಿಮಾಡುವುದು, ಇವನ್ನೂ ಆಡಿಸಿ.

## ಹಂತ 10: ಶುರು ಮಾಡುವ ದಿನ

ವಾರದಲ್ಲಿ ಜನ ಕಡಿಮೆ ಇರುವ ದಿನ ಆರಿಸಿ. ಮೊದಲ ವಾರ ಅಪಾಯಿಂಟ್‌ಮೆಂಟ್ ಅರ್ಧಕ್ಕೆ ಇಳಿಸಿ. ಆದಾಯ ಕಡಿಮೆಯಾಗುತ್ತದೆ ಅಂತ ಇದನ್ನು ಬಿಟ್ಟವರು, ಮೂರನೇ ದಿನಕ್ಕೇ ನೋಟ್‌ಬುಕ್ ಹೊರಗೆ ತೆಗೆದದ್ದನ್ನು ನೋಡಿದ್ದೇನೆ. ನೋಟ್‌ಬುಕ್ ಒಂದು ಸಲ ಹೊರಗೆ ಬಂದರೆ ಒಳಗೆ ಹೋಗುವುದಿಲ್ಲ.

ಹಿಂದಿನ ಸಂಜೆ ಫ್ರೇಮ್ ಸ್ಟಾಕ್ ಎಣಿಸಿ ಹಾಕಿ. ಬೆಳಿಗ್ಗೆಯಿಂದ ಹಳೆಯ ಸಾಫ್ಟ್‌ವೇರ್‌ನಲ್ಲಿ ನೋಡಲು ಮಾತ್ರ ಆಗಬೇಕು, ಬರೆಯಲು ಆಗಬಾರದು. ಎರಡನ್ನೂ ತಿಂಗಳುಗಟ್ಟಲೆ ಒಟ್ಟಿಗೆ ಓಡಿಸಿದರೆ ಯಾವುದು ಸರಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಜವಾಬ್ದಾರಿ ಹೊತ್ತ ಆ ಒಬ್ಬರಿಗೆ ಆ ದಿನ ಬೇರೆ ಕೆಲಸ ಬೇಡ. ಕರೆದ ಕಡೆ ಹೋಗಿ ನಿಲ್ಲುವುದೇ ಅವರ ಕೆಲಸ.

## ಹಂತ 11: ಮೊದಲ ತಿಂಗಳು ಏನನ್ನು ಗಮನಿಸಬೇಕು

ದಿನಾ ಸಂಜೆ ಹತ್ತು ಕನ್ನಡಕದ ಆರ್ಡರ್ ತೆಗೆಯಿರಿ. ಕುರ್ಚಿಯಲ್ಲಿ ಬರೆದದ್ದು, ಲ್ಯಾಬ್‌ಗೆ ಹೋದದ್ದು, ಲೆನ್ಸ್ ಬಂದಾಗ ಅಳೆದದ್ದು, ಮೂರನ್ನೂ ಪಕ್ಕಪಕ್ಕ ಇಡಿ.

ಕೆಲವು ಲಕ್ಷಣ ಕಂಡರೆ ತಡ ಮಾಡಬೇಡಿ. ಪರದೆಗೆ ಹಳದಿ ಚೀಟಿ ಅಂಟಿಸಿದ್ದಾರೆ ಅಂದರೆ ಸಾಫ್ಟ್‌ವೇರ್‌ನಲ್ಲಿ ಆ ಮಾಹಿತಿಗೆ ಜಾಗ ಸಿಕ್ಕಿಲ್ಲ. ಷರಾ ಪೆಟ್ಟಿಗೆಯಲ್ಲಿ ಪವರ್ ಟೈಪ್ ಆಗಿದೆ ಅಂದರೆ ಖಾನೆ ತಪ್ಪು ಜಾಗದಲ್ಲಿದೆ. ಒಂದೇ ಹೆಸರಿನ ಎರಡೆರಡು ಪುಟ ಹುಟ್ಟುತ್ತಿವೆ ಅಂದರೆ ನೋಂದಣಿಯಲ್ಲಿ ಮೊದಲು ಹುಡುಕದೆ ಹೊಸದು ತೆರೆಯುತ್ತಿದ್ದಾರೆ. ಪರೀಕ್ಷೆಯ ಸಮಯ ಎಲ್ಲವೂ ಸಂಜೆ ಏಳಕ್ಕೇ ಅಂತ ದಾಖಲಾಗಿದೆ ಅಂದರೆ ನೋಟ್‌ಬುಕ್ ವಾಪಸ್ ಬಂದಿದೆ. ಯಾರನ್ನೂ ಬಯ್ಯಬೇಡಿ, ಪಕ್ಕದಲ್ಲಿ ಕೂತು ಎಲ್ಲಿ ತಡವಾಗುತ್ತದೆ ಅಂತ ನೋಡಿ.

ರೀಕಾಲ್ ಅನ್ನು ಈಗ ಚಾಲೂ ಮಾಡಿ, ಮೊದಲಿಗೆ ಒಂದು ಸಣ್ಣ ಗುಂಪಿಗೆ. ಮುಂದಿನ ಭೇಟಿಯ ತಾರೀಖು ಮತ್ತು ಕಾರಣವನ್ನು ಪೇಶೆಂಟ್ ಕುರ್ಚಿಯಿಂದ ಏಳುವ ಮೊದಲೇ ಹಾಕಬೇಕು. ಗ್ಲಾಕೋಮಾ ಸಂಶಯದವರಿಗೂ, ಬರೀ ಕನ್ನಡಕ ಬದಲಿಸಬೇಕಾದವರಿಗೂ ಒಂದೇ ಮೆಸೇಜ್ ಬೇಡ. ಮೆಸೇಜ್‌ಗೆ ಉತ್ತರ ಕೊಡದ ಗ್ಲಾಕೋಮಾ ಸಂಶಯದವರಿಗೆ ಒಬ್ಬ ಮನುಷ್ಯ ಫೋನ್ ಮಾಡಬೇಕು. ಹೀಗೆ ಫೋನ್ ಮಾಡಬೇಕಾದವರ ಪಟ್ಟಿ ಪ್ರತಿ ಸೋಮವಾರ ಯಾರ ಟೇಬಲ್ ಮೇಲಿರುತ್ತದೆ ಅಂತ ಹೆಸರು ಬರೆದಿಡಿ.

## ಹಂತ 12: ಹಳೆಯದನ್ನು ಮುಚ್ಚುವುದು

ಮೂರು ತಿಂಗಳು ಕಳೆಯಲಿ. ಗೋಡೆಯ ಮೇಲಿನ ಹಾಳೆ ತೆಗೆದು ಮತ್ತೊಬ್ಬ ಪೇಶೆಂಟ್ ಹಿಂದೆ ನಡೆಯಿರಿ, ಎಷ್ಟು ಕೆಂಪು ಚುಕ್ಕೆ ಉಳಿದಿದೆ ಎಣಿಸಿ. ಪವರ್‌ನ ದಾರಿಯಲ್ಲಿ ಒಂದು ಚುಕ್ಕೆ ಉಳಿದಿದ್ದರೂ ಅದನ್ನು ಮೊದಲು ಸರಿಮಾಡಿಸಿ, ಹಳೆಯದನ್ನು ಆಮೇಲೆ ಮುಚ್ಚಿ.

ಮುಚ್ಚುವ ಮುನ್ನ ಹಳೆಯ ಸಾಫ್ಟ್‌ವೇರ್‌ನ ಪೂರ್ತಿ ಡೇಟಾವನ್ನೂ ಓದಲು ಆಗುವ ಪಿಡಿಎಫ್ ಪ್ರತಿಯನ್ನೂ ತೆಗೆದು, ಪಾಸ್‌ವರ್ಡ್ ಹಾಕಿ ಎರಡು ಕಡೆ ಇಡಿ. ಕಾನೂನು ಹೇಳಿದಷ್ಟು ವರ್ಷ ಅವು ಇರಬೇಕು. ಹಳೆಯ ಕಂಪ್ಯೂಟರ್ ಮಾರುವುದಾದರೆ ಅದರ ಹಾರ್ಡ್ ಡಿಸ್ಕ್ ಕಳಚಿ ಇಟ್ಟುಕೊಳ್ಳಿ, ಇಲ್ಲವೇ ಸಾಫ್ಟ್‌ವೇರ್ ಬಳಸಿ ಪೂರ್ತಿ ಅಳಿಸಿ. ಫೈಲ್ ಡಿಲೀಟ್ ಮಾಡಿದರೆ ಸಾಲದು, ಹಾಗೆ ಮಾಡಿದ್ದನ್ನು ವಾಪಸ್ ತೆಗೆಯಬಹುದು. ಮೆಷಿನ್‌ಗಳ ಒಳಗಿನ ಡಿಸ್ಕ್‌ಗಳನ್ನೂ ಮರೆಯಬೇಡಿ. ಫಂಡಸ್ ಕ್ಯಾಮೆರಾ ಅಥವಾ ಓಸಿಟಿಯನ್ನು ಎಕ್ಸ್‌ಚೇಂಜ್‌ಗೆ ಕೊಡುವಾಗ, ಅದರೊಳಗೆ ಅಷ್ಟೂ ವರ್ಷದ ಪೇಶೆಂಟ್‌ಗಳ ಹೆಸರು ಮತ್ತು ಚಿತ್ರ ಹಾಗೇ ಕೂತಿರುತ್ತವೆ.